ರಾಕ್ಷಸರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ

ತೆಲಂಗಾಣದ ಗಡಿಯ ನಾರಾಯಣಪೇಟೆಯಲ್ಲಿ ನೇಕಾರರ ಓಣಿಗೆ ತಿರುಗುವ ಮೂಲೆಯ ಕಂಬಕ್ಕೆ ಕಾಕಾನ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಕಾಕಾ ಇರಲಿಲ್ಲ, ರಾಕ್ಷಸ ಇದ್ದ. ಕೆಂಪು ಬಳಿದ ಮುಖ, ಕೋರೆಹಲ್ಲು, ಹುಬ್ಬಿನ ಮೇಲೆ ಬಿಳಿ ಚುಕ್ಕೆಗಳ ಸಾಲು. ಕೆಳಗೆ ತೆಲುಗು ಅಕ್ಷರದಲ್ಲಿ ಅವರ ಹೆಸರು, ಹೆಸರಿನ ಹಿಂದೆ ಬಿರುದಿನ ಹಾಗೆ ‘ರಾಕ್ಷಸ’. ನಾನು ಅದರ ಮುಂದೆ ನಿಂತಿದ್ದನ್ನು ಕಂಡು ಅವರ ಮಗ ಓಡಿ ಬಂದ.

“ಏನ್ ಮಾಡೋದ್ರಿ ಸರ, ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿದ್ರ ಮುಖಾನ ಕಾಣವಲ್ದು. ಇದೊಂದ ಚಲೋ ಇತ್ತು.”

“ಹೆಸರಿನ ಹಿಂದ ಅದನ್ಯಾಕ ಹಾಕಿದ್ಯಪ್ಪ?”

“ಅವತ್ತು ನಿಮ್ಮ ಎದುರಿಗೇ ಅವ್ರ ಬಾಯಿಲೇನ ಬಂತಲ್ರಿ!”

ಬಂದಿದ್ದು ನಿಜ. ಅದನ್ನು ಕೊನೆಗೆ ಹೇಳುತ್ತೇನೆ. ಸಾವಿನ ಮನೆಯಲ್ಲಿ ಸಿಟ್ಟು ಮಾಡುವ ಹಾಗಿಲ್ಲ, ಆದರೂ ನನಗೆ ಮೈಯೆಲ್ಲ ಉರಿಯಿತು. ಆಯುಷ್ಯಪೂರ್ತಿ ಒಂದು ಶಬ್ದದ ಜೊತೆ ಜಗಳವಾಡಿದ ಮನುಷ್ಯ. ಸತ್ತ ಮೇಲೆ ಆ ಶಬ್ದವನ್ನೇ ಅವರ ಕೊರಳಿಗೆ ಕಟ್ಟಿ ಕಂಬಕ್ಕೆ ಏರಿಸಿದ್ದರು. ಓಣಿಯವರೆಲ್ಲ ಮುಖ ಸಣ್ಣದು ಮಾಡಿಕೊಂಡು “ನಮ್ಮ ರಾಕ್ಷಸ ಹೋದ ನೋಡ್ರಿ” ಎನ್ನುತ್ತಿದ್ದರು, ಪ್ರೀತಿಯಿಂದಲೇ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರೇ ಬೈದಾರು. “ಅದು ನಮ್ಮಪ್ಪ ಇಟ್ಟಿದ್ದ ಹೆಸರ್ರಿ, ನಂದೇನಲ್ಲ” ಎಂದು ಒಮ್ಮೆ ಹೇಳಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನಗಿಂತ ಹತ್ತಾರು ವರ್ಷ ದೊಡ್ಡವರಾದರೂ ಅವರು ನನ್ನನ್ನು ಸರ ಎನ್ನುವುದನ್ನು ಬಿಡಲಿಲ್ಲ, ಮಕ್ತಲದ ಕನ್ನಡ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದೆನಲ್ಲ, ಅದಕ್ಕೆ. ನಮ್ಮಿಬ್ಬರನ್ನು ಕೂಡಿಸಿದ್ದು ದೊಡ್ಡಾಟದ ಮೇಳ.

ದೊಡ್ಡಾಟ ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮ ಆಟದಲ್ಲಿ ಯಾವ ಪಾತ್ರವೂ ಸುಮ್ಮನೆ ಬಂದು ಮಾತಿಗೆ ಶುರು ಹಚ್ಚುವ ಹಾಗಿಲ್ಲ. ರಾಜನಿರಲಿ ದಾಸಿಯಿರಲಿ, ಕುಣಿಯುತ್ತ ರಂಗಕ್ಕೆ ಬಂದ ಕೂಡಲೇ ಸಾರಥಿ ಎಂಬವನು ಅಡ್ಡ ನಿಂತು ಕೇಳುತ್ತಾನೆ: “ಭಳಿರೇ! ಈ ರಂಗಕ್ಕೆ ಬಂದು ನಿಂತಂಥ ತಾವು ಧಾರು? ತಮ್ಮ ಕುಲವೇನು, ನಾಮಾಂಕಿತವೇನು?” ಧಾರು ಅಂದರೆ ಯಾರು. ಆಟದ ಭಾಷೆಯಲ್ಲಿ ಹಾಗೆಯೇ ಒತ್ತಿ ಹೇಳಬೇಕು. ಪಾತ್ರ ತನ್ನ ಗುರುತನ್ನು ತಾನೇ ಹೇಳಿಕೊಂಡ ಮೇಲೆ ಕಥೆ ಮುಂದಕ್ಕೆ ಹೋಗುತ್ತದೆ. ಗಂಟಲು ದೊಡ್ಡದೆಂಬ ಒಂದೇ ಕಾರಣಕ್ಕೆ ನಾನು ಆ ಮೇಳಕ್ಕೆ ಸಾರಥಿಯಾಗಿದ್ದೆ. ಮೈ ದೊಡ್ಡದೆಂಬ ಒಂದೇ ಕಾರಣಕ್ಕೆ ಕಾಕಾ ರಾಕ್ಷಸನಾಗಿದ್ದರು.

ತಾಲೀಮು ನಡೆಯುತ್ತಿದ್ದದ್ದು ಬಿದ್ದುಹೋದ ಎಣ್ಣೆಗಾಣದ ಅಂಗಳದಲ್ಲಿ. ನಾನು ಮೇಳ ಸೇರಿದ ಹೊಸತರಲ್ಲಿ, ಒಂದು ಸಂಜೆ ನಾನು ಪ್ರಶ್ನೆ ಕೇಳಿದೆ, ಕಾಕಾ ಉತ್ತರ ಹೇಳಬೇಕಿತ್ತು. ಆಟ ಕಲಿಸುವ ಮಾಸ್ತರು ಬಾಯಿಪಾಠ ಮಾಡಿಸಿದ್ದ ಮಾತು ಇದು: “ನಾನು ದುಷ್ಟ ರಾಕ್ಷಸ ಕುಲದವನು, ನರಮಾಂಸ ಭಕ್ಷಕ, ಪಾಪದ ಪರ್ವತ!” ಕಾಕಾ ಅರ್ಧಕ್ಕೇ ನಿಂತರು.

“ಮಾಸ್ತರ, ಇದನ್ನ ಯಾರು ಹೇಳೋದ್ರಿ?”

“ನೀನ ಹೇಳಬೇಕು, ಮತ್ಯಾರು?”

“ತನ್ನ ಬಾಯಿಲೆ ತಾನ ದುಷ್ಟ ಅಂತ ಯಾವನರೆ ಅಂದ್ಕೋತಾನೇನ್ರಿ? ನಾ ಪಾಪದ ಪರ್ವತ ಅದೀನಿ, ಬರ್ರಿ, ಕುಂದರ್ರಿ ಅಂತ? ಇದು ಆಗದವ್ರು ಇಟ್ಟ ಹೆಸರು. ಅವ್ರು ಅವ್ರವ್ರೊಳಗ ಏನಂತಾರ?”

“ಯಾರು?”

“ಅದರೀ, ಈ ರಾಕ್ಷಸರು.”

ಮಾಸ್ತರು ಹಾರ್ಮೋನಿಯಂ ಮೇಲಿನ ಕೈ ತೆಗೆಯದೆ ಹೇಳಿದರು. “ನೀ ಮೊದಲು ಹೆಜ್ಜಿ ಸರಿ ಹಾಕು. ರಾಕ್ಷಸರ ಮನಿ ಸುದ್ದಿ ಆಮ್ಯಾಲ ನೋಡೂಣು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಕಾ ಮಾತ್ರ ಆ ಪ್ರಶ್ನೆಯನ್ನು ಮನೆಗೆ ಒಯ್ದರು. ಅವರ ಮನೆಯಲ್ಲಿದ್ದದ್ದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಮುಂಜಾನೆಯಿಂದ ಸಂಜೆತನಕ ಚೌಕಡಿ ಸೀರೆ ನೇಯುತ್ತ, ಲಾಳಿ ಆ ಕಡೆಯಿಂದ ಈ ಕಡೆಗೆ ಬರುವಷ್ಟರಲ್ಲಿ ಬಾಯಲ್ಲಿ ಏನೋ ಗೊಣಗುವುದು ಅವರಿಗೆ ಅಭ್ಯಾಸವಾಯಿತು. ಒಂದು ರವಿವಾರ ನಾನು ಹೋದಾಗ ಮಗ್ಗ ನಿಲ್ಲಿಸಿ, ಯಾರಾದರೂ ಕೇಳಿಸಿಕೊಂಡಾರು ಎನ್ನುವ ಹಾಗೆ ಮೆಲ್ಲಗೆ ಹೇಳಿದರು.

“ಸಿಕ್ತು ಸರ. ಝೊಮಾರ.”

“ಏನದು?”

“ಅವ್ರು ತಮಗ ಅನ್ನೋದು. ಝೊಮಾರ. ಬಾಯಿ ತುಂಬ ಅನ್ನಬೇಕ್ರಿ, ತುತ್ತು ಇಟ್ಕೊಂಡಂಗ. ಕೂಡಿ ಉಣ್ಣೋರು ಅಂತ ಅರ್ಥ.”

ನನಗೆ ನಗು ಬಂತು. ನರಮಾಂಸ ತಿನ್ನುವವರಿಗೆ ಇಷ್ಟು ಮೆತ್ತನೆಯ ಹೆಸರೇ ಎಂದೆ. ಕಾಕಾಗೆ ಕೋಪ ಬಂತು. “ನೀವ ವಿಚಾರ ಮಾಡ್ರಿ. ಸಮುದ್ರ ಕಡಿಯಾಕ ಇಬ್ಬರೂ ಬೇಕಾಗಿದ್ರು. ಕಡದು ಮುಗೀತು, ಅಮೃತ ಬಂತು. ಪಂಕ್ತಿಗೆ ಯಾರು ಕುಂತ್ರು, ಯಾರನ್ನ ಎಬ್ಬಿಸಿದ್ರು? ಅವತ್ತು ಎದ್ದು ಹೋದೋರು ತಮಗ ಏನಂತ ಹೆಸರಿಟ್ಕೋತಾರ್ರಿ? ನಾವು ಹಂಗ ಮಾಡೋರಲ್ಲ, ನಾವು ಕೂಡಿ ಉಣ್ಣೋರು ಅಂತಾರ.”

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಒಂದೊಂದೇ ಕುಲ ಮಗ್ಗದ ಕುಣಿಯಿಂದ ಎದ್ದು ಬರತೊಡಗಿತು. ನಾವು ಯಾರನ್ನು ಯಕ್ಷರು ಎನ್ನುತ್ತೇವೋ ಅವರು ತಮಗೆ ‘ಲೂವೆನ್’ ಎನ್ನುತ್ತಾರಂತೆ, ಕೆಳಗಿನ ಮನೆಯವರು ಎಂದು ಅರ್ಥ. ದೆವ್ವ ತನ್ನನ್ನು ದೆವ್ವ ಎಂದುಕೊಳ್ಳುವುದಿಲ್ಲ, ‘ಇನ್ನೂ ಹೊಂಟಿಲ್ಲದವರು’ ಎಂಬರ್ಥದ ಮಾತೊಂದಿದೆ, ಅದನ್ನು ಉಸಿರು ಒಳಗೆಳೆದುಕೊಂಡು ಹೇಳಬೇಕು. ನಾಗರ ಹೆಸರೇನು ಎಂದು ಕೇಳಿದೆ. ಕಾಕಾ ಕಾಲಿನಿಂದ ಕುಣಿಯ ನೆಲಕ್ಕೆ ಎರಡು ಸಲ ತಟ್ಟಿದರು. “ಇಷ್ಟರಿ. ಅವ್ರಿಗೆ ಕಿವಿ ಇಲ್ಲಲ್ಲ, ಕೂಗಿ ಏನ್ ಮಾಡೋದು?” ಗಂಧರ್ವರಿಗೆ ಮಾತ್ರ ಅವರು ಹೆಸರು ಕೊಡಲಿಲ್ಲ. ಯಾವಾಗಲೂ ಹಾಡುತ್ತಿರುವವರನ್ನು ಯಾರೂ ತಡೆದು ನೀವು ಯಾರು ಎಂದು ಕೇಳಿಲ್ಲ, ಹಾಗಾಗಿ ಅವರಿಗೂ ಗೊತ್ತಿಲ್ಲ ಎಂದರು.

ಝೊಮಾರರು ನಮಗೆ, ಮನುಷ್ಯರಿಗೆ, ಏನೆನ್ನುತ್ತಾರೆ ಎಂದು ಕೇಳಿದ್ದಕ್ಕೆ “ಬ್ಯಾಡ್ರಿ ಸರ” ಎಂದು ಬಹಳ ನಾಚಿಕೊಂಡರು. ಒತ್ತಾಯ ಮಾಡಿದ ಮೇಲೆ ಅರ್ಥ ಮಾತ್ರ ಹೇಳಿದರು: ಕದ ಹಾಕಿಕೊಳ್ಳುವವರು.

ಅವರ ಹೆಂಡತಿ, ನಮ್ಮ ಕಾಕು, ಕಂಡಿಕೆಗೆ ನೂಲು ಸುತ್ತುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. “ನೀವರೆ ಬುದ್ಧಿ ಹೇಳ್ರಿ ಸರ. ಊಟಕ್ಕ ಕುಂತಾಗ ಆ ಭಾಷಾದಾಗ ಉಪ್ಪು ಕೇಳ್ತಾರ. ನಾ ಮಜ್ಜಿಗಿ ನೀಡ್ತೀನಿ. ಮಜ್ಜಿಗಿ ಬ್ಯಾಡ ಅಂತ ಅದನ್ನೂ ಅದರಾಗ ಅಂತಾರ!” ಬೈಯುತ್ತಿದ್ದರು, ಆದರೆ ಉಪ್ಪಿಗೆ ಏನೆನ್ನಬೇಕೆಂದು ಅವರಿಗೆ ಗೊತ್ತಿತ್ತು. ಕಾಕು ತೀರಿಕೊಂಡ ದಿನ ಕಾಕಾ ಅಂಗಳದಲ್ಲಿ ಕೂತು ನನಗೆ ಹೇಳಿದ್ದು ಒಂದೇ ಮಾತು. “ಉಪ್ಪು ಹೋತ್ರಿ ಸರ.” ಅಳು ಬರಲಿಲ್ಲ ಅವರಿಗೆ. ಬಂದಿದ್ದರೆ ಒಳ್ಳೆಯದಿತ್ತು.

ಆ ಮಾತನ್ನೆಲ್ಲ ಬರೆದಿಡಿ ಎಂದು ನಾನು ಹಲವು ಸಲ ಹೇಳಿದೆ. ಮೇಷ್ಟರ ಬುದ್ಧಿ. ಕಾಕಾ ಒಪ್ಪಲಿಲ್ಲ. “ಮಾಸ್ತರ ಕೊಟ್ಟಿದ್ದೂ ಬರದಿದ್ದೇ ಅಲ್ಲೇನ್ರಿ? ಬರದಿದ್ದನ್ನ ಓದಿ ಓದೀನ ಅವ್ರಿಗೆ ದುಷ್ಟ ಅನ್ನಾಕ ಬಂದಿದ್ದು. ಇದು ಬಾಯಾಗ ಇರಬೇಕು.” ಬಾಯಿ ಯಾರದು, ಎಷ್ಟು ದಿನ ಇದ್ದೀತು ಎಂದು ಆಗ ಇಬ್ಬರೂ ಯೋಚಿಸಲಿಲ್ಲ.

ಅವರಿಗಿದ್ದ ಆಸೆ ಒಂದೇ. ಸಾರಥಿ ಕೇಳಿದಾಗ, ತುಂಬಿದ ರಂಗದ ಮೇಲೆ, ರಾಕ್ಷಸ ತನ್ನ ಬಾಯಿಂದ ತನ್ನವರ ಹೆಸರು ಹೇಳಬೇಕು. ಕೇಳಿದವರಿಗೆ, ಇವರೂ ಯಾರೋ ಒಬ್ಬರು, ಇವರಿಗೂ ಒಂದು ಮಾತಿದೆ ಎಂದು ಅನ್ನಿಸಬೇಕು. ಅಷ್ಟೇ. ರಾಜನ ಕೈಯಲ್ಲಿ ಸಾಯುವುದಕ್ಕೆ ಅವರ ತಕರಾರು ಏನೂ ಇರಲಿಲ್ಲ. “ಸಾಯ್ತೀನ್ರಿ, ಅದು ಆಟ. ಆದ್ರ ಹೆಸರು ಹೇಳಿ ಸಾಯ್ತೀನಿ” ಎನ್ನುತ್ತಿದ್ದರು.

ಮಾಸ್ತರು ಬದುಕಿರುವ ತನಕ ಅದಕ್ಕೆ ಬಿಡಲಿಲ್ಲ. ಅವರ ನಂತರ ಮೇಳಕ್ಕೆ ಹೇಳುವವರು ಕೇಳುವವರು ಇಲ್ಲದಂತಾಯಿತು. ವಡ್ಡೆಪಲ್ಲಿ ಕಡೆಯ ಒಂದು ಊರಿನಲ್ಲಿ ನಮ್ಮ ಆಟವನ್ನು ಹಾಡಹಗಲೇ ಇಟ್ಟುಕೊಂಡಿದ್ದರು. ಮುಂದಿನ ಸಾಲಿನಲ್ಲಿ ರಾಯಚೂರು ಕಡೆಯಿಂದ ಹಿಂದೆಂದೋ ಬಂದು ನೆಲೆನಿಂತ ಮನೆತನಗಳ ಕನ್ನಡದ ಮುದುಕರು, ಹಿಂದೆ ತೆಲುಗು ಹುಡುಗರು. ಬಣ್ಣ ಹಚ್ಚಿಕೊಳ್ಳುವಾಗ ಕಾಕಾ ನನ್ನ ಕೈ ಹಿಡಿದರು. “ನೀವು ಕೇಳ್ರಿ ಸರ. ಇವತ್ತು ಹೇಳ್ತೀನಿ.”

ಕೇಳಿದೆ. ಕಾಕಾ ಅಬ್ಬರಿಸಲಿಲ್ಲ. ಗದೆಯನ್ನು ಕೆಳಗಿಟ್ಟರು. ಮನೆಗೆ ಬಂದ ಬೀಗರಿಗೆ ಹೇಳುವ ದನಿಯಲ್ಲಿ, “ಝೊಮಾರ ವೇ” ಎಂದು ಶುರು ಮಾಡಿ ಒಂದು ಸಣ್ಣ ಹಾಡು ಹೇಳುವಷ್ಟು ಹೊತ್ತು ಮಾತಾಡಿದರು. ನನಗೆ ಗೊತ್ತಿದ್ದ ಅರ್ಥ ಇಷ್ಟು: ನಾವು ಕೂಡಿ ಉಣ್ಣುವವರು, ನೀವು ಹೆದರಬೇಡಿ, ನಿಮಗೂ ಎಲೆ ಹಾಕಿದ್ದೇವೆ. ಹಿಮ್ಮೇಳದವರು ಮದ್ದಳೆ ಬಾರಿಸುವುದನ್ನು ಮರೆತು ಕೂತರು. ನನಗೆ ಕಣ್ಣು ತುಂಬಿ ಬಂತು.

ಮಂದಿ ಚಪ್ಪಾಳೆ ತಟ್ಟಿದರು. ಹುಡುಗರು ಸೀಟಿ ಹೊಡೆದರು. ಎಂಥ ಚಪ್ಪಾಳೆ ಎಂದರೆ, ಕಾಕಾ ಗೆದ್ದರು ಎಂದೇ ನಾನು ತಿಳಿದೆ.

ಆಟ ಮುಗಿದ ಮೇಲೆ ಮುಂದಿನ ಸಾಲಿನ ಮುದುಕರೊಬ್ಬರು ಬಂದು ಕಾಕಾನ ಬೆನ್ನು ತಟ್ಟಿದರು. “ರಾಕ್ಷಸನ ಕಡಿಂದ ತೆಲುಗು ಮಾತಾಡ್ಸಿದ್ದು ಚಲೋ ಆತು ನೋಡ್ರಿ. ನಮಗ ಅಷ್ಟು ತಿಳೀಲಿಲ್ಲ, ಹಿಂದಿನ ಹುಡುಗರಿಗೆ ಖುಷಿ ಆತು.” ಅವರ ಬೆನ್ನಿಗೇ ಇಬ್ಬರು ಹುಡುಗರು ಬಂದು ಕಾಲು ಮುಟ್ಟಿದರು. “ಪಾತ ಕನ್ನಡಂ ಕದಾ ತಾತಾ? ಶಾನಾ ಬಾಗುಂದಿ!” ಹಳೆಯ ಕನ್ನಡವಲ್ಲವೇ ತಾತಾ, ತುಂಬ ಚೆನ್ನಾಗಿತ್ತು ಎಂದು. ಕನ್ನಡದವರು ಅದನ್ನು ತೆಲುಗೆಂದುಕೊಂಡಿದ್ದರು, ತೆಲುಗರು ಕನ್ನಡವೆಂದುಕೊಂಡಿದ್ದರು. ತಿಳಿಯದ ಮಾತು ಕಿವಿಗೆ ಬಿದ್ದರೆ ಅದು ಪಕ್ಕದ ಮನೆಯವರದೇ ಇರಬೇಕೆಂದು ನಮ್ಮ ಸೀಮೆಯಲ್ಲಿ ಎಲ್ಲರೂ ನಂಬುತ್ತಾರೆ. ಹುಟ್ಟಿದಾಗಿನಿಂದ ಹಾಗೆಯೇ ಬದುಕಿದ್ದೇವೆ. ಮೂರನೆಯವರು ಯಾರೋ ಬಂದು ಮಾತಾಡಿಸಿಯಾರು ಎಂದು ಯಾರ ತಲೆಗೂ ಹೊಳೆಯಲಿಲ್ಲ.

ಕಾಕಾ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದರು. ಒರೆಸಿದಷ್ಟೂ ಕೆಂಪು ಕುತ್ತಿಗೆಗೆ ಇಳಿಯುತ್ತಿತ್ತು.

“ಬೈದಿದ್ರ ಚಲೋ ಇತ್ತು ಸರ. ಏನಲೇ ಹುಚ್ಚಾ, ಏನ್ ಮಾತಾಡ್ತಿ, ಯಾರ ಭಾಷಾ ಇದು ಅಂತ ಒಬ್ಬನರೆ ಕೇಳಿದ್ರ ಹೇಳ್ತಿದ್ದೆ. ಚಪ್ಪಾಳಿ ಹೊಡದ್ರು.”

ಅವತ್ತಿನಿಂದ ಕಾಕಾ ಕುಗ್ಗಿದರು. ನಾನು ಸಮಾಧಾನ ಹೇಳಲು ಹೋಗಿ ದಡ್ಡನಾದೆ. ನಮ್ಮನ್ನೂ ರಾಯಚೂರಿಗೆ ಹೋದರೆ ತೆಲುಗರೇನ್ರಿ ಎನ್ನುತ್ತಾರೆ, ಹೈದರಾಬಾದಿಗೆ ಹೋದರೆ ಕರ್ನಾಟಕದವರಾ ಎನ್ನುತ್ತಾರೆ, ನಾವೇನು ಸತ್ತಿದ್ದೇವೆಯೇ ಎಂದೆ. ಕಾಕಾ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. “ನಾವು ಮನಿಗೆ ಬಂದು ನಮ್ಮ ಮಾತಾಡ್ತೀವ್ರಿ ಸರ. ಅವ್ರಿಗೆ ನನ್ನ ಬಾಯಿ ಬಿಟ್ರ ಮನಿ ಎಲ್ಲೈತಿ?”

ಕಡೆಯ ಸಲ ನಾವು ಬಣ್ಣ ಹಚ್ಚಿದ್ದು ಗದ್ವಾಲದ ಒಂದು ಫಂಕ್ಷನ್ ಹಾಲಿನಲ್ಲಿ. ಯಾವುದೋ ಸಂಘದವರ ಕಾರ್ಯಕ್ರಮ, ಭಾಷಣಗಳ ನಡುವೆ ನಮಗೊಂದಿಷ್ಟು ಸಮಯ. ರಾಕ್ಷಸ ಬರಬೇಕು, ಕೂಗಬೇಕು, ಸಾಯಬೇಕು, ಪ್ರಶ್ನೆಗಿಶ್ನೆ ಬೇಡ ಎಂದು ಮೊದಲೇ ತಾಕೀತು ಮಾಡಿದ್ದರು. ಹಿಮ್ಮೇಳವೂ ಬೇಡ, ಸಂಗೀತ ಪೆನ್‌ಡ್ರೈವಿನಲ್ಲಿ ತಂದಿದ್ದರು. ಆದರೂ ನಾನು ಅಡ್ಡ ನಿಂತು ಗಂಟಲು ಹರಿಯುವಂತೆ ಕೇಳಿದೆ: “ಭಳಿರೇ! ತಾವು ಧಾರು?” ಅಷ್ಟರಲ್ಲಿ ಯಾರೋ ಹಾಡು ಹಚ್ಚಿದರು. ಸ್ಪೀಕರು ಎಷ್ಟು ದೊಡ್ಡದಿತ್ತೆಂದರೆ ಕಾಲಡಿಯ ಹಲಗೆ ನಡುಗುತ್ತಿತ್ತು. ಕಾಕಾ ಬಾಯಿ ತೆರೆದು ಹೇಳಿದರು. ಒಂದು ಕೈ ದೂರದಲ್ಲಿ ನಿಂತಿದ್ದ ನನಗೂ ಕೇಳಿಸಲಿಲ್ಲ. ತುಟಿ ಅಲ್ಲಾಡಿದ್ದು ಮಾತ್ರ ಕಂಡೆ. ರಾಜನ ಪಾತ್ರದವನು ಬಂದು ಅವರನ್ನು ಕೊಂದ.

ಹಿಂದಿರುಗುವಾಗ ಜೂರಾಲದ ಅಣೆಕಟ್ಟಿನ ಮೇಲೆ ಜೀಪು ನಿಲ್ಲಿಸಿ ಡ್ರೈವರು ಚಹಾಕ್ಕೆ ಹೋದ. ಕಾಕಾ ತಡೆಗೋಡೆ ಹಿಡಿದು ನೀರು ನೋಡುತ್ತ ನಿಂತರು. ಕೃಷ್ಣೆ ತುಂಬಿದ್ದಳು.

“ಇನ್ನ ಅವ್ರು ಎಲ್ಲಿ ಹೋಗಬೇಕ್ರಿ ಸರ?”

ಯಾರು ಎಂದು ನಾನು ಕೇಳಲಿಲ್ಲ.

ಮಗ ಮನೆಗೆ ಪವರ್‌ಲೂಮ್ ತಂದ. ತಪ್ಪೇನಿಲ್ಲ, ಅವನ ಸಂಸಾರವೂ ನಡೆಯಬೇಕು. ಕುಣಿಯನ್ನು ಮಣ್ಣು ತುಂಬಿಸಿ ಮೇಲೆ ಟೈಲ್ಸ್ ಹಾಕಿಸಿದರು. ಕಾಕಾ ಹೊರಗಿನ ಕಟ್ಟೆಗೆ ಬಂದು ಕೂತರು. ಮಗ್ಗ ನಿಂತ ಮೇಲೆ ಹೊಸ ಮಾತು ಹುಟ್ಟುವುದು ನಿಂತಿತು, ಆಮೇಲೆ ಹಳೆಯವು ಒಂದೊಂದಾಗಿ ಹೋದವು. ಮೊದಲು ಯಕ್ಷರು ಹೋದರು. ‘ಕೆಳಗಿನ ಮನಿಯೋರ ಹೆಸರೇನ್ರಿ ಸರ’ ಎಂದು ನನ್ನನ್ನೇ ಕೇಳಿದರು, ನಾನು ಹೇಳಿಕೊಟ್ಟೆ. ಮುಂದಿನ ಸಲ ಹೋದಾಗ ಅದನ್ನು ಕೇಳಲೂ ಇಲ್ಲ. ನಾಗರ ಹೆಸರು ಬಹಳ ದಿನ ಉಳಿಯಿತು. ಕಟ್ಟೆಯ ಮೇಲೆ ಕೂತು ಹಿಮ್ಮಡಿಯಿಂದ ಎರಡು ಸಲ ತಟ್ಟುತ್ತಿದ್ದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಸಲ. ಸೊಸೆ ಅದನ್ನು ಕಾಲುನೋವು ಎಂದುಕೊಂಡು ಎಣ್ಣೆ ತಿಕ್ಕಿದಳು. ಮರೆವಿನ ಕಾಯಿಲೆ ಎಂದರು ಡಾಕ್ಟರು.

ಹೋದ ಶ್ರಾವಣದಲ್ಲಿ ಮಗ ಫೋನು ಮಾಡಿದ. ಅಪ್ಪ ಯಾರನ್ನೂ ಗುರುತಿಸುತ್ತಿಲ್ಲ, ತಾನು ಯಾರೆಂಬುದೂ ಗೊತ್ತಾಗುತ್ತಿಲ್ಲ, ದಿನವಿಡೀ ಬಾಗಿಲು ನೋಡುತ್ತ ಕೂತಿರುತ್ತಾರೆ ಎಂದ. “ನೀವು ಆಟದಾಗ ಕೇಳ್ತಿದ್ರಲ್ಲ ಸರ, ಹಂಗ ಒಮ್ಮೆ ಕೇಳಿ ನೋಡ್ರಿ. ಅದಕ್ಕರೆ ಮಾತಾಡಿಯಾರು.” ಒಳ್ಳೆಯ ಹುಡುಗ, ಅಪ್ಪನ ಮೇಲೆ ಪ್ರಾಣ. ನಾನು ಬಸ್ಸಿನಲ್ಲಿ ಮಕ್ತಲದಿಂದ ನಾರಾಯಣಪೇಟೆಗೆ ಹೋಗುತ್ತ ದಾರಿಯುದ್ದಕ್ಕೂ ನನಗೆ ಗೊತ್ತಿದ್ದಷ್ಟು ಝೊಮಾರರ ಮಾತನ್ನು ಬಾಯಲ್ಲಿ ಉರು ಹೊಡೆದೆ. ಅವರು ಮಾತಾಡಿದರೆ ಉತ್ತರ ಕೊಡುವವನೊಬ್ಬ ಬೇಕಲ್ಲ.

ಕಾಕಾ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಆ ದೊಡ್ಡ ಮೈ ಎಲ್ಲಿ ಹೋಯಿತೋ, ಅಂಗಿಯೊಳಗೆ ಎಲುಬಿನ ಹಂದರ ಉಳಿದಿತ್ತು. ನಾನು ಎದುರಿಗೆ ನಿಂತೆ. ಮಗ, ಸೊಸೆ, ಓಣಿಯ ಇನ್ನಿಬ್ಬರು ಬಾಗಿಲಲ್ಲಿ ಸೇರಿದ್ದರು.

“ಭಳಿರೇ! ಈ ರಂಗಕ್ಕೆ ಬಂದು ನಿಂತಂಥ ತಾವು ಧಾರು? ತಮ್ಮ ಕುಲವೇನು, ನಾಮಾಂಕಿತವೇನು?”

ಕಾಕಾ ಬೆನ್ನು ನೆಟ್ಟಗೆ ಮಾಡಿದರು. ಕೈ ಮೇಲೆದ್ದು, ಇಲ್ಲದ ಮೀಸೆಯನ್ನು ತಿರುವಿತು. ಕಣ್ಣು ಅಗಲವಾದವು. ಅವರು ಆ ಮುರುಕು ದನಿಯಲ್ಲಿ ಅಬ್ಬರಿಸಿದರು.

“ನಾನು ದುಷ್ಟ ರಾಕ್ಷಸ ಕುಲದವನು, ನರಮಾಂಸ ಭಕ್ಷಕ, ಪಾಪದ ಪರ್ವತ!”

ಒಂದಕ್ಷರ ತಪ್ಪಲಿಲ್ಲ. ಮಾಸ್ತರು ಕಲಿಸಿದ್ದು, ಅವರು ಎಂದೂ ಮನಸ್ಸಾರೆ ಹೇಳದೇ ಇದ್ದದ್ದು. ಬಾಗಿಲಲ್ಲಿ ನಿಂತವರು ಸಂತೋಷದಿಂದ ಚಪ್ಪಾಳೆ ತಟ್ಟಿದರು. “ಗುರ್ತು ಬಂತು! ಅಪ್ಪಗ ಗುರ್ತು ಬಂತು!” ಎಂದು ಮಗ ಅತ್ತೇ ಬಿಟ್ಟ.

ನಾನು ಮಂಚದ ಮೇಲೆ ಕೂತು ಅವರ ಕಿವಿಯ ಹತ್ತಿರ ಬಾಗಿ, ಬಾಯಿ ತುಂಬ, ಅವರು ಕಲಿಸಿದ ಹಾಗೆಯೇ ಹೇಳಿದೆ.

“ಝೊಮಾರ ವೇ, ಕಾಕಾ.”

ಕಾಕಾ ಮುಖ ತಿರುಗಿಸಿ ನನ್ನನ್ನು ನೋಡಿದರು.

“ಅದು ತೆಲುಗೇನ್ರಿ?”

“ಅಲ್ಲ ಕಾಕಾ.”

“ಮತ್ತ ಯಾವ ಭಾಷಾರಿ?”

“ನಿಮ್ಮದ. ನೀವ ಕಲಿಸಿದ್ದು.”

ಅವರು ಸಂಕೋಚದಿಂದ ನಕ್ಕರು, ದಾರಿ ತಪ್ಪಿ ಬಂದ ಪರಸ್ಥಳದವನಿಗೆ ತಮ್ಮ ಮನೆಯಲ್ಲ ಇದು ಎಂದು ಹೇಳುವವರ ಹಾಗೆ.

“ನನಗ ಅಂಥಾ ಭಾಷಾ ಬರಂಗಿಲ್ರಿ. ನಾ ರಾಕ್ಷಸ ಅದೀನಿ.”